ಹತ್ತು ಕ್ವಿಂಟಲ್ ಜೋಳ, ಎರಡು ಕೋಲು

ಕಾಕಾನ ಮನೆಯ ತಗಡಿನ ಕಣಜ ಹತ್ತು ಕ್ವಿಂಟಲ್ ಬಿಳಿಜೋಳ ಹಿಡಿಯುತ್ತದೆ. ಅಡ್ಡಳತೆ 110 ಸೆಂಟಿಮೀಟರ್, ಎತ್ತರ 150. ಮೇಲೆ ಗುಂಡನೆಯ ಮುಚ್ಚಳ, ಬುಡದಲ್ಲಿ ಕಾಳು ಬಿಟ್ಟುಕೊಳ್ಳುವ ಬಾಯಿ. ನಿಂತಿರುವುದು ಪತ್ರಾಸ್ ಹೊದಿಸಿದ ಪಡಸಾಲೆಯಲ್ಲಿ. ಊರು ವಿಜಯಪುರ ಜಿಲ್ಲೆಯ ತಾಳಿಕೋಟೆ ಕಡೆಯದು. ಡೋಣಿ ಹೊಳೆಯ ದಂಡೆ, ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎನ್ನುವ ಸೀಮೆ. ಹೋದ ವರ್ಷ ಶ್ರಾವಣ ಮುಗಿಯುವ ಹೊತ್ತಿಗೆ ಕಣಜದ ಮೇಲ್ಭಾಗದ ಜೋಳ ಅಂಚಿನಲ್ಲಿ ಮುಗ್ಗಲು ಹಿಡಿದಿತ್ತು. ಗೊತ್ತಾಗಿದ್ದು ರೊಟ್ಟಿ ಕಹಿ ಬಂದ ಮೇಲೆ. ಅಲ್ಲಿಯವರೆಗೆ ಕಾಕಾ ಆಗಾಗ ಮುಚ್ಚಳ ತೆಗೆದು, ನಡುವೆ ಮೊಣಕೈವರೆಗೆ ಕೈ ಇಳಿಸಿ, ಹಿಡಿ ಕಾಳು ಹೊರತೆಗೆದು ಹಲ್ಲಿನಲ್ಲಿ ಕಡಿದು ನೋಡುತ್ತಿದ್ದರು. ಕಾಳು ಕಟ್ಟೆಂದು ಮುರಿದರೆ ಚಿಂತೆಯಿಲ್ಲ ಎಂಬುದು ಅವರ ಲೆಕ್ಕ. ಲೆಕ್ಕ ಸರಿಯೇ ಇತ್ತು, ಕೈ ಇಳಿಯುತ್ತಿದ್ದ ಜಾಗದ ಮಟ್ಟಿಗೆ.

ನನ್ನದು ಮೋಟಾರ್ ವೈಂಡಿಂಗ್ ಮತ್ತು ವೈರಿಂಗ್ ಕೆಲಸ. ಬೆಸುಗೆ ಕಡ್ಡಿ, ಮಲ್ಟಿಮೀಟರ್ ಕೈಗೆಟುಕುವಲ್ಲೇ ಇರುತ್ತವೆ. ಕಣಜದೊಳಗೆ ಸೆನ್ಸರ್ ಇಳಿಸೋಣ ಎಂದಾಗ ಕಾಕಾ ಕೇಳಿದ್ದು ಒಂದೇ ಪ್ರಶ್ನೆ: “ತಮ್ಮಾ, ಅದು ಜೋಳ ಕೆಟ್ಟ ಮೇಲೆ ಹೇಳುತ್ತದೆಯೋ, ಕೆಡುವುದಕ್ಕೆ ಮೊದಲೇ ಹೇಳುತ್ತದೆಯೋ?”

ಇಡೀ ಕೆಲಸದಲ್ಲಿ ಉತ್ತರ ಹುಡುಕಬೇಕಾಗಿದ್ದು ಈ ಪ್ರಶ್ನೆಗೇ. ಧಾನ್ಯ ಸಂಗ್ರಹದ ಬಗ್ಗೆ ಓದಲು ಹೋದರೆ ಎಲ್ಲೆಡೆ ಮೊದಲು ಸಿಗುವ ಸಲಹೆ ಉಷ್ಣಾಂಶ ಅಳೆಯಿರಿ ಎಂಬುದು. ಕಾಳಿಗೆ ಜೀವವಿದೆ, ಅದು ಉಸಿರಾಡುತ್ತದೆ. ತೇವ ಹೆಚ್ಚಾದರೆ ಉಸಿರಾಟ ಜೋರಾಗುತ್ತದೆ, ಬೂಸು ಮತ್ತು ಹುಳ ಸೇರಿಕೊಂಡರೆ ಕಾವು ಏರುತ್ತದೆ. ದೊಡ್ಡ ಗೋದಾಮುಗಳಲ್ಲಿ, ನೂರಾರು ಟನ್ ರಾಶಿಯಲ್ಲಿ, ತೇವವಿದ್ದಾಗಲೇ ತುಂಬಿದ ಧಾನ್ಯದಲ್ಲಿ ಅದು ಸರಿಯಾದ ಮಾತು. ನಮ್ಮದು ಹಾಗಲ್ಲ. ಇಲ್ಲಿನ ಮಾಲದಂಡಿ ಜೋಳ ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಬಿತ್ತಿ, ಎರೆ ಮಣ್ಣಿನ ಹಸಿಯಲ್ಲೇ ಬೆಳೆದು, ಫೆಬ್ರವರಿ ಮಾರ್ಚ್‌ನಲ್ಲಿ ಕೊಯ್ಲಿಗೆ ಬರುವ ಹಿಂಗಾರಿ ಬೆಳೆ. ರಾಶಿಯಾದ ಮೇಲೆ ತಾಡಪತ್ರಿಯ ಮೇಲೆ ಹರವಿದರೆ ಮಾರ್ಚ್ ಬಿಸಿಲು ಬೇಕಾದ್ದಕ್ಕಿಂತ ಹೆಚ್ಚೇ ಒಣಗಿಸುತ್ತದೆ. ಸಂಗ್ರಹಕ್ಕೆ ಶೇ 12ರೊಳಗೆ ತೇವ ಇರಬೇಕು ಎನ್ನುತ್ತಾರೆ; ನಮ್ಮ ಜೋಳ ಶೇ 10ರ ಆಸುಪಾಸಿನಲ್ಲಿ ಕಣಜಕ್ಕೆ ಹೋಗುತ್ತದೆ. ಅಂದ ಮೇಲೆ ನೀರು ಹೊಲದಿಂದ ಬಂದದ್ದಲ್ಲ. ಎಲ್ಲಿಂದ, ಯಾವಾಗ ಬರುತ್ತದೆ ಎಂದು ತೋರಿಸುವ ಸಾಧನ ನನಗೆ ಬೇಕಿತ್ತು.

ಕಾಳಿನ ತೇವವನ್ನು ಕಣಜದೊಳಗೇ ನೇರವಾಗಿ ಅಳೆಯುವುದು ಕಷ್ಟ. ಆದರೆ ಕಾಳುಗಳ ನಡುವಿನ ಸಂದಿಯಲ್ಲಿ ಗಾಳಿಯಿದೆ. ಕಾಳು ಆ ಗಾಳಿಗೆ ತೇವ ಕೊಡುತ್ತ, ಅದರಿಂದ ತೇವ ಹೀರುತ್ತ ಕೊನೆಗೆ ಎರಡೂ ಒಂದು ಹದಕ್ಕೆ ಬಂದು ನಿಲ್ಲುತ್ತವೆ. 30 ಡಿಗ್ರಿ ಉಷ್ಣಾಂಶದಲ್ಲಿ ಜೋಳದ ತೇವ ಶೇ 12 ಇದ್ದರೆ ಸಂದಿಯ ಗಾಳಿಯ ಆರ್ದ್ರತೆ ಸುಮಾರು ಶೇ 60ರಿಂದ 65. ಆರ್ದ್ರತೆ ಶೇ 70ಕ್ಕೆ ಬಂದರೆ ಕಾಳಿನ ತೇವ ಶೇ 13 ದಾಟಿದೆ ಎಂದು ತಿಳಿಯಬಹುದು. ಶೇ 65ಕ್ಕಿಂತ ಕೆಳಗೆ ಬೂಸು ಬೆಳೆಯುವುದಿಲ್ಲ. 70 ದಾಟಿದ ಮೇಲೆ ಅದಕ್ಕೆ ದಾರಿ ತೆರೆಯುತ್ತದೆ. ಗಾಳಿಯ ಆರ್ದ್ರತೆ ಅಳೆಯುವ ಸೆನ್ಸರ್ ಅಗ್ಗ. ಹಾಗಾಗಿ ಉಷ್ಣಾಂಶಕ್ಕೆ ಒಂದು ಬಗೆಯ ಸೆನ್ಸರ್, ಆರ್ದ್ರತೆಗೆ ಇನ್ನೊಂದು, ಹೀಗೆ ಎರಡನ್ನೂ ಹಾಕಿದೆ.

ಉಷ್ಣಾಂಶಕ್ಕೆ ಡಿಎಸ್18ಬಿ20, ಸ್ಟೀಲ್ ಟೋಪಿ ತೊಡಿಸಿ ವೈರ್ ಜೋಡಿಸಿರುವ ಬಗೆಯದು, ಐದು. ಆರ್ದ್ರತೆಗೆ ಎಸ್‌ಎಚ್‌ಟಿ31, ಎರಡು. ಇವನ್ನು ನಡೆಸುವ ಪುಟ್ಟ ಕಂಪ್ಯೂಟರಾಗಿ ಒಂದು ಇಎಸ್‌ಪಿ32 ಬೋರ್ಡ್. ಡಿಎಸ್18ಬಿ20ಯ ಅನುಕೂಲವೆಂದರೆ ಪ್ರತಿಯೊಂದು ಸೆನ್ಸರ್‌ಗೂ ಕಾರ್ಖಾನೆಯಲ್ಲೇ ಕೊಟ್ಟ ತನ್ನದೇ 64 ಬಿಟ್‌ನ ಗುರುತಿನ ಸಂಖ್ಯೆ ಇರುತ್ತದೆ; ಎಷ್ಟು ಸೆನ್ಸರ್ ಇದ್ದರೂ ಮೂರೇ ತಂತಿ ಸಾಕು. ದತ್ತಾಂಶದ ತಂತಿಗೂ 3.3 ವೋಲ್ಟ್‌ಗೂ ನಡುವೆ 4.7 ಕಿಲೊ ಓಮ್‌ನ ಒಂದು ರೆಸಿಸ್ಟರ್ ಬೇಕು, ಹಳದಿ, ನೇರಳೆ, ಕೆಂಪು ಪಟ್ಟೆಯದು. ಕೆಂಪು ವಿದ್ಯುತ್ತಿಗೆ, ಕಪ್ಪು ಸೊನ್ನೆ ವೋಲ್ಟಿನ ಗ್ರೌಂಡ್‌ಗೆ, ಹಳದಿ ದತ್ತಾಂಶಕ್ಕೆ ಎಂಬುದು ಸಾಮಾನ್ಯ ಕ್ರಮ, ಆದರೆ ಬೇರೆ ಬಣ್ಣದ ತಂತಿ ಹಾಕಿದವೂ ಬರುತ್ತವೆ. ಮಾರುವವರು ಕೊಟ್ಟ ವಿವರ ನೋಡದೆ ವಿದ್ಯುತ್ ಕೊಡಬಾರದು. ತಲೆಕೆಳಗಾಗಿ ಕೊಟ್ಟರೆ ಕೈ ಸುಡುವಷ್ಟು ಬಿಸಿಯಾಗುತ್ತದೆ. ಎಸ್‌ಎಚ್‌ಟಿ31ಕ್ಕೆ ಎರಡು ವಿಳಾಸ ಮಾತ್ರ ಹೊಂದಿಸಬಹುದು, ಆದ್ದರಿಂದ ಒಂದೇ ತಂತಿಯ ಮೇಲೆ ಎರಡೇ ಸೆನ್ಸರ್. ನನಗೆ ಅಷ್ಟೇ ಬೇಕಿತ್ತು.

ಸೆನ್ಸರ್ ಹೊತ್ತು ಜೋಳದೊಳಗೆ ಇಳಿಯುವ ಕೋಲಿನ ಕೆಲಸ ಮಾತ್ರ ಅಂದುಕೊಂಡದ್ದಕ್ಕಿಂತ ಹೆಚ್ಚು ಹಿಡಿಯಿತು. ಮನೆಯ ವೈರಿಂಗ್‌ಗೆ ಬಳಸುವ 25 ಮಿಲಿಮೀಟರ್ ಪಿವಿಸಿ ಪೈಪ್, ಒಂದೂವರೆ ಮೀಟರ್ ಉದ್ದ. ತುದಿಯನ್ನು ಬಿಸಿ ಮಾಡಿ ಚಪ್ಪಟೆಯಾಗಿ ಅದುಮಿ ಓರೆಯಾಗಿ ಕತ್ತರಿಸಿದರೆ ಜೋಳದಲ್ಲಿ ಸಲೀಸಾಗಿ ಇಳಿಯುತ್ತದೆ. ಸೆನ್ಸರ್ ಕೂರುವಲ್ಲಿ ಸುತ್ತಲೂ ಎರಡು ಮಿಲಿಮೀಟರ್ ಡ್ರಿಲ್ಲಿನಿಂದ ರಂಧ್ರ. ಜೋಳದ ಕಾಳು ಹತ್ತಿರ ಹತ್ತಿರ ನಾಲ್ಕು ಮಿಲಿಮೀಟರ್, ಒಳಗೆ ನುಗ್ಗುವುದಿಲ್ಲ. ಆದರೆ ನುಚ್ಚು, ಹೊಟ್ಟು ಮತ್ತು ದೂಳು ನುಗ್ಗುತ್ತವೆ. ಅದಕ್ಕೆ ರಂಧ್ರಗಳ ಒಳಮೈಗೆ ತೆಳು ಮಲ್‌ಮಲ್ ಬಟ್ಟೆಯ ಪಟ್ಟಿ. ಬಟ್ಟೆ ದಪ್ಪವಾದರೆ ಸೆನ್ಸರ್ ಸುದ್ದಿ ತಡವಾಗಿ ತರುತ್ತದೆ, ಕಣಜದಲ್ಲಿ ಅದು ತೊಂದರೆಯಲ್ಲ. ಇಲ್ಲಿ ಯಾವುದೂ ನಿಮಿಷದ ಲೆಕ್ಕದಲ್ಲಿ ಬದಲಾಗುವುದಿಲ್ಲ.

ಹೆಚ್ಚು ಗಮನ ಬೇಡುವ ವಿಷಯ ಪೈಪಿನ ಟೊಳ್ಳು. ಪೈಪ್ ಒಳಗೆ ಬರಿದಾಗಿದ್ದರೆ ಕೆಳಗಿನ ಬೆಚ್ಚನೆಯ ಗಾಳಿ ಅದರೊಳಗೇ ಮೇಲೇರುತ್ತದೆ, ಮೇಲಿನ ತಂಪು ಗಾಳಿ ಇಳಿಯುತ್ತದೆ. ಸುತ್ತ ಜೋಳದಲ್ಲಿ ಏನೇ ನಡೆದಿರಲಿ, ಐದೂ ಸೆನ್ಸರ್‌ಗಳು ಹೆಚ್ಚು ಕಡಿಮೆ ಒಂದೇ ಅಂಕಿ ಹೇಳುತ್ತವೆ. ಆರ್ದ್ರತೆಯ ಸೆನ್ಸರ್‌ಗಂತೂ ಇದು ವಿಷ. ಮೇಲಿನ ತೇವದ ಗಾಳಿ ಪೈಪಿನಲ್ಲಿ ನೇರವಾಗಿ ನಡುವಿಗೆ ಇಳಿದು, ನಡುವಿನ ಜೋಳವೇ ತೇವವಾಗಿದೆ ಎಂಬ ಸುಳ್ಳು ಹೇಳಿಸುತ್ತದೆ. ಅದಕ್ಕಾಗಿ ಪ್ರತಿ ಸೆನ್ಸರ್‌ನ ಮೇಲೂ ಕೆಳಗೂ ಪೈಪಿನ ಒಳಅಳತೆಗೆ ಕತ್ತರಿಸಿದ ದಪ್ಪ ಫೋಮ್ ಬಿರಡೆ ತುರುಕಿ, ತಂತಿ ಹಾಯುವ ಸಂದಿಯನ್ನು ಸಿಲಿಕೋನ್ ಅಂಟಿನಿಂದ ಮುಚ್ಚಿದೆ. ಒಂದೊಂದು ಸೆನ್ಸರ್‌ಗೂ ಪ್ರತ್ಯೇಕ ಕೋಣೆ. ಸೆನ್ಸರ್‌ಗಳ ಎತ್ತರ ಬುಡದಿಂದ 10, 40, 70, 100 ಮತ್ತು 130 ಸೆಂಟಿಮೀಟರ್. 70ರ ಕೋಣೆಯಲ್ಲಿ ಒಂದು ಆರ್ದ್ರತೆಯ ಸೆನ್ಸರ್ ಕೂಡ.

ಸಿಲಿಕೋನ್ ಅಂಟು ಹಾಕಿದ ಕೋಣೆಗೆ ಆರ್ದ್ರತೆಯ ಸೆನ್ಸರ್ ಅನ್ನು ಅಂದೇ ಕೂರಿಸಬಾರದು. ಹುಳಿ ವಾಸನೆ ಪೂರ್ತಿ ಹೋಗುವವರೆಗೆ ಪೈಪನ್ನು ಗಾಳಿಗೆ ಬಿಡಬೇಕು. ಈ ಸೆನ್ಸರ್‌ಗಳ ಮೈಮೇಲಿನ ತೆಳು ಪದರ ಅಂಟಿನ ಆವಿ, ಪೇಂಟ್ ತಿನ್ನರ್, ಪಿವಿಸಿ ಅಂಟಿನ ಆವಿ ಇವೆಲ್ಲವನ್ನೂ ಹೀರಿಕೊಂಡು ಅಳತೆ ತಪ್ಪುತ್ತದೆ.

ಎರಡನೆಯ ಕೋಲು ಗಿಡ್ಡ, ನಲವತ್ತು ಸೆಂಟಿಮೀಟರ್. ಅದರಲ್ಲಿ ಉಳಿದ ಎಸ್‌ಎಚ್‌ಟಿ31 ಒಂದೇ. ಹೋದ ವರ್ಷ ಮುಗ್ಗಲು ಕಂಡ ಅಂಚಿನಲ್ಲಿ, ತಗಡಿನಿಂದ ನಾಲ್ಕು ಬೆರಳು ಒಳಗೆ, ಜೋಳದ ಮೇಲ್ಮೈಯಿಂದ ಸುಮಾರು ಹತ್ತು ಸೆಂಟಿಮೀಟರ್ ಆಳದಲ್ಲಿ ಸೆನ್ಸರ್ ಬರುವಂತೆ ಚುಚ್ಚಿದೆ. ತಂತಿಗೆ ಕಂಪ್ಯೂಟರ್ ಜಾಲದ ಎಂಟೆಳೆಯ ಕೇಬಲ್. ಇದರಲ್ಲಿ ಜೋಡಿ ಜೋಡಿಯಾಗಿ ಹೊಸೆದ ಎಳೆಗಳಿರುತ್ತವೆ. ದತ್ತಾಂಶದ ಎಳೆಯನ್ನು ಗ್ರೌಂಡ್‌ನ ಜೊತೆ, ಗಡಿಯಾರದ ಸಂಕೇತದ ಎಳೆಯನ್ನು ವಿದ್ಯುತ್ತಿನ ಜೊತೆ ಜೋಡಿಯಾಗಿಸಬೇಕು. ಎರಡು ಸಂಕೇತಗಳನ್ನೂ ಒಂದೇ ಹೊಸೆತಕ್ಕೆ ಹಾಕಿದರೆ ಒಂದರ ಸದ್ದು ಇನ್ನೊಂದಕ್ಕೆ ಕೇಳಿ ಅಳತೆ ತಡವರಿಸುತ್ತದೆ. ಸಂಕೇತದ ವೇಗವನ್ನೂ ಸಾಧ್ಯವಾದಷ್ಟು ಇಳಿಸಿದೆ.

ಕಣಜಕ್ಕೆ ಇಳಿಸುವ ಮೊದಲು ಅಡುಗೆಮನೆಯಲ್ಲಿ ಪರೀಕ್ಷೆ. ಉಷ್ಣಾಂಶದ ಸೆನ್ಸರ್‌ಗಳನ್ನು ಪುಡಿ ಮಾಡಿದ ಮಂಜುಗಡ್ಡೆ ಮತ್ತು ಸ್ವಲ್ಪ ನೀರು ಕಲಸಿದ ಪಾತ್ರೆಯಲ್ಲಿ ಒಟ್ಟಿಗೆ ಮುಳುಗಿಸಿದರೆ ಎಲ್ಲವೂ ಸೊನ್ನೆ ತೋರಿಸಬೇಕು. ತಯಾರಕರು ಹೇಳುವ ತಪ್ಪಿನ ಮಿತಿ ಅರ್ಧ ಡಿಗ್ರಿ. ಒಂದು ಮಾತ್ರ ಅದಕ್ಕಿಂತ ಹೆಚ್ಚು ತಪ್ಪಿತು. ಮಾರುಕಟ್ಟೆಯಲ್ಲಿ ನಕಲಿ ಬಹಳ. ಅದನ್ನು ಪಕ್ಕಕ್ಕಿಟ್ಟು ಬದಲಿಗೆ ಬೇರೊಂದು ಹಾಕಿ, ಐದರ ಸಣ್ಣ ವ್ಯತ್ಯಾಸವನ್ನು ಪ್ರೋಗ್ರಾಮಿನಲ್ಲಿ ಕಳೆಯುವಂತೆ ಬರೆದೆ.

ಆರ್ದ್ರತೆಗೆ ಉಪ್ಪಿನ ಪರೀಕ್ಷೆ. ಉಪ್ಪಿಗೆ ಕೆಲವು ಹನಿ ನೀರು ಹಾಕಿ ಹಸಿ ಮರಳಿನಂತೆ ಕಲಸಬೇಕು, ಕರಗಿಸಬಾರದು. ಅದನ್ನು ಒಂದು ಚಿಕ್ಕ ಬಟ್ಟಲಲ್ಲಿಟ್ಟು, ಬಿಗಿ ಮುಚ್ಚಳದ ಡಬ್ಬಿಯೊಳಗೆ ಸೆನ್ಸರ್ ಜೊತೆ, ಉಪ್ಪು ತಾಗದಂತೆ, ಒಂದು ರಾತ್ರಿ ಇಟ್ಟರೆ ಒಳಗಿನ ಆರ್ದ್ರತೆ ಶೇ 75ಕ್ಕೆ ನಿಲ್ಲುತ್ತದೆ. ಉಷ್ಣಾಂಶ 20 ಇರಲಿ 30 ಇರಲಿ ಹೆಚ್ಚು ವ್ಯತ್ಯಾಸವಿಲ್ಲ. ಚಿಗವ್ವ ಹರಳುಪ್ಪು ಕೊಡಲು ಬಂದಿದ್ದರು; ಪುಡಿ ಉಪ್ಪೇ ಬೇಕೆಂದೆ. ಹರಳುಪ್ಪಿನಲ್ಲಿ ಮೆಗ್ನೀಸಿಯಂ ಲವಣದ ಅಂಶ ಇರುತ್ತದೆ. ಮಳೆಗಾಲದಲ್ಲಿ ಅದು ಭರಣಿಯಲ್ಲೇ ನೀರು ಬಿಡುವುದು ಆ ಕಾರಣಕ್ಕೆ, ಮತ್ತು ಅದು ಬೆರೆತರೆ 75ರ ಲೆಕ್ಕ ಕೆಡುತ್ತದೆ. ನನ್ನ ಎರಡು ಸೆನ್ಸರ್‌ಗಳಲ್ಲಿ ಒಂದು 74, ಇನ್ನೊಂದು 76ರ ಹತ್ತಿರ ನಿಂತವು. ಇಷ್ಟು ಸಾಕು.

ಸೆನ್ಸರ್ ಹೇಳುವ ಆರ್ದ್ರತೆಗೂ ಕಾಳಿನ ನಿಜವಾದ ತೇವಕ್ಕೂ ತಾಳೆ ನೋಡಲು ಅಕ್ಕನ ಕೇಕ್ ಓವನ್ ಕೆಲಸಕ್ಕೆ ಬಂತು. ಇಪ್ಪತ್ತು ಗ್ರಾಂ ಜೋಳವನ್ನು ಮಿಕ್ಸರ್‌ನಲ್ಲಿ ರವೆಯಂತೆ ಒಡೆದು, 130 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟು, ತಣ್ಣಗಾಗುವಾಗ ಮತ್ತೆ ತೇವ ಹೀರದಂತೆ ಮುಚ್ಚಿಟ್ಟು ತೂಗಬೇಕು. ಎರಡು ಗ್ರಾಂ ಕಡಿಮೆಯಾದರೆ ತೇವ ಶೇ 10. ಇದಕ್ಕೆ ಗ್ರಾಮಿನ ನೂರನೇ ಭಾಗ ತೋರಿಸುವ, ಚಿನ್ನ ತೂಗುವಂಥ ಸಣ್ಣ ತಕ್ಕಡಿ ಬೇಕು. ಅಕ್ಕ ಓವನ್ ಕೊಟ್ಟರೂ ಮುಂದಿನ ಕೇಕ್ ಜೋಳದ ವಾಸನೆ ಹೊಡೆಯುತ್ತದೆ ಎಂದು ಗೊಣಗಿದರು. ಇಷ್ಟೆಲ್ಲ ಬೇಡ ಎನ್ನುವವರಿಗೆ ಸೀಸೆಯ ಉಪಾಯವಿದೆ: ಒಣಗಿದ ಗಾಜಿನ ಸೀಸೆಯಲ್ಲಿ ಕಾಲು ಭಾಗ ಜೋಳ, ಎರಡು ಚಮಚ ಹುರಿದು ಒಣಗಿಸಿದ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಹದಿನೈದು ನಿಮಿಷ ಬಿಡಬೇಕು. ಗಾಜಿಗೆ ಉಪ್ಪು ಅಂಟಿದರೆ ತೇವ ಶೇ 15ಕ್ಕಿಂತ ಹೆಚ್ಚು, ಅಂದರೆ ಆ ಜೋಳವನ್ನು ತುಂಬುವ ಮಾತೇ ಬೇಡ. ಅಂಟದಿದ್ದರೆ ಒಳ್ಳೆಯ ಜೋಳ ಎಂದು ಮಾತ್ರ ತಿಳಿಯಬಾರದು, 14 ಇದ್ದರೂ ಅಂಟದು.

ಬೋರ್ಡನ್ನು ಕಣಜದ ಹೊರಗೆ, ಗೋಡೆಯ ಗೂಡಿನಲ್ಲಿ ಇಟ್ಟೆ. ತಗಡಿನೊಳಗಿಂದ ವೈಫೈ ಹೊರಬರುವುದಿಲ್ಲ, ಅದೊಂದು. ಇನ್ನೊಂದು ಕಾರಣ ಮುಂದೆ ಹೇಳುತ್ತೇನೆ. ಹಳ್ಳಿಯಲ್ಲಿ ಕರೆಂಟ್ ಹೋಗಿ ಬರುವ ಆಟ ಇದ್ದದ್ದೇ, ಆದ್ದರಿಂದ ಹಳೆಯ ಮೊಬೈಲ್ ಚಾರ್ಜರ್ ಜೊತೆಗೆ ಒಂದು ಲಿಥಿಯಂ ಸೆಲ್. ಗಂಟೆಗೊಮ್ಮೆ ಎಚ್ಚರವಾಗಿ ಅಳೆದು, ಮೆಮೊರಿ ಕಾರ್ಡಿಗೆ ಬರೆದು ಮತ್ತೆ ಮಲಗುತ್ತದೆ. ಕೇಬಲ್ ಕಣಜದಿಂದ ಗೂಡಿಗೆ ಹೋಗುವ ದಾರಿಯಲ್ಲಿ ಇಲಿಗಾಗಿ ಅರ್ಧ ಇಂಚಿನ ಕಬ್ಬಿಣದ ಪೈಪ್ ತೊಡಿಸಿದೆ. ಇಲಿಗೆ ಜೋಳಕ್ಕಿಂತ ವೈರಿನ ಮೇಲಿನ ಪ್ಲಾಸ್ಟಿಕ್ ರುಚಿ ಏಕೋ ಗೊತ್ತಿಲ್ಲ, ವೈಂಡಿಂಗ್‌ಗೆ ಬರುವ ಮೋಟಾರುಗಳಲ್ಲೂ ಅದರ ಕೈವಾಡ ನೋಡಿ ಸಾಕಾಗಿದೆ. ಖರ್ಚು, ಇದ್ದ ಪೈಪ್ ಮತ್ತು ಚಾರ್ಜರ್ ಬಿಟ್ಟು, ಎರಡು ಸಾವಿರ ರೂಪಾಯಿಯ ಆಸುಪಾಸು.

ಪ್ರೋಗ್ರಾಮಿನಲ್ಲಿ ಎರಡು ಅಂಕಿಗಳನ್ನು ಕಸದ ಬುಟ್ಟಿಗೆ ಹಾಕಬೇಕು: 85 ಮತ್ತು ಸೊನ್ನೆಗಿಂತ ಕೆಳಗಿನ 127. ಡಿಎಸ್18ಬಿ20ಗೆ ವಿದ್ಯುತ್ ಹೋಗಿ ಬಂದ ಕೂಡಲೇ ಅಳತೆ ಮುಗಿಯುವ ಮೊದಲೇ ಕೇಳಿದರೆ ಅದು 85 ಎನ್ನುತ್ತದೆ. ಪೂರ್ತಿ ಅಳತೆಗೆ ಮುಕ್ಕಾಲು ಸೆಕೆಂಡ್ ಕೊಡಬೇಕು. ಸೊನ್ನೆಗಿಂತ 127 ಕೆಳಗೆ ಎಂದರೆ ಸೆನ್ಸರ್ ಸಿಗುತ್ತಿಲ್ಲ, ತಂತಿ ಬಿಟ್ಟಿದೆ ಎಂದರ್ಥ.

ಎಚ್ಚರಿಕೆಯ ದೀಪ ಯಾವಾಗ ಹತ್ತಬೇಕು ಎಂಬುದರ ಬಗ್ಗೆ ತುಸು ಯೋಚಿಸಬೇಕಾಯಿತು. 35 ಡಿಗ್ರಿ ದಾಟಿದರೆ ಕೆಂಪು ಎಂದು ಬರೆದರೆ, ವಿಜಯಪುರದ ಮೇ ತಿಂಗಳಲ್ಲಿ ಅದು ಆರುವುದೇ ಇಲ್ಲ. ಹೊರಗೆ 41 ಇರುವಾಗ ಒಳಗೆ 36 ಇರುವುದು ರೋಗವಲ್ಲ. ಹುಳದ ಅಥವಾ ಬೂಸಿನ ಕಾವು ಒಂದು ಜಾಗದಲ್ಲಿ ಹುಟ್ಟುತ್ತದೆ, ಹೊರಗಿನ ಬಿಸಿಲು ಇಡೀ ಕಣಜವನ್ನು ಏರಿಸುತ್ತದೆ. ಹಾಗಾಗಿ ನಿಯಮ ಹೀಗೆ: ಯಾವುದೇ ಒಂದು ಸೆನ್ಸರ್ ಉಳಿದವುಗಳ ಸರಾಸರಿಗಿಂತ ಮೂರು ಡಿಗ್ರಿ ಮೇಲೆ ಹೋಗಿ ಅಲ್ಲೇ ನಿಂತರೆ ಕೆಂಪು. ಆರ್ದ್ರತೆ 65 ದಾಟಿದರೆ ಹಳದಿ, 70 ದಾಟಿದರೆ ಕೆಂಪು. ಕಾಕಾನಿಗೆ ಮೊಬೈಲಿನಲ್ಲಿ ಗೆರೆ ನೋಡುವ ತಾಳ್ಮೆಯಿಲ್ಲ. ಅವರಿಗೆ ಮೂರು ಬಣ್ಣದ ದೀಪ ಸಾಕು.

ಯುಗಾದಿ ಕಳೆದ ಮೇಲೆ ಕಣಜ ತುಂಬಿದೆವು. ಮಧ್ಯಾಹ್ನದ ಬಿಸಿಲಿನಿಂದ ನೇರವಾಗಿ ತುಂಬದೆ, ಒಂದು ರಾತ್ರಿ ಹರವಿದಲ್ಲೇ ತಣಿಯಲು ಬಿಟ್ಟು ಬೆಳಗ್ಗೆ ತುಂಬಿದ್ದು ಈ ವರ್ಷದ ಬದಲಾವಣೆ. ಬಿಸಿ ಜೋಳ ತುಂಬಿದರೆ ಅದರ ಕಾವು ಒಳಗೇ ಸಿಕ್ಕಿಕೊಳ್ಳುತ್ತದೆ, ರಾತ್ರಿ ತಗಡು ತಣ್ಣಗಾದಾಗ ಒಳಗಿನ ಗಾಳಿಯ ತೇವ ಅದರ ಮೈಮೇಲೆ ಇಳಿಯುತ್ತದೆ. ಅರ್ಧ ಕಣಜ ತುಂಬಿದಾಗ ಉದ್ದ ಕೋಲನ್ನು ನಡುವೆ ನಿಲ್ಲಿಸಿ ಸುತ್ತ ಜೋಳ ಸುರಿದರೆ ಸಾಕು. ಪೂರ್ತಿ ತುಂಬಿದ ಮೇಲೆ ಚುಚ್ಚುವುದಕ್ಕಿಂತ ಸುಲಭ.

ಮೊದಲ ತಿಂಗಳು ನೋಡಲು ಬೇಸರ ತರಿಸುವಷ್ಟು ಶಾಂತ. ಜೋಳ ಕಾವನ್ನು ಬಹಳ ನಿಧಾನವಾಗಿ ದಾಟಿಸುತ್ತದೆ. ಗೇಣು ಒಳಗೆ ಹೋದರೆ ಹಗಲು ರಾತ್ರಿಯ ವ್ಯತ್ಯಾಸ ಬಹುತೇಕ ಅಳಿಸಿಹೋಗಿರುತ್ತದೆ. ಹೊರಗಿನ ಹವೆ ಬದಲಾದ ಸುದ್ದಿ ನಡುವಿಗೆ ಮುಟ್ಟಲು ಈ ಅಳತೆಯ ಕಣಜದಲ್ಲಿ ಹತ್ತಿರ ಹತ್ತಿರ ಒಂದು ವಾರ ಬೇಕು. ಐದೂ ಸೆನ್ಸರ್‌ಗಳು ಒಂದು ಡಿಗ್ರಿಯೊಳಗೆ ಒಟ್ಟಾಗಿ ಏರಿ, ಮೇ ಕೊನೆಗೆ 36 ಮುಟ್ಟಿ, ಮಿರಗದ ಮಳೆ ಬಿದ್ದ ಮೇಲೆ ಒಟ್ಟಾಗಿ ಇಳಿಯತೊಡಗಿದವು. ನಡುವಿನ ಆರ್ದ್ರತೆ 45ರ ಸುತ್ತ. ಆ ಒಣ ಜೋಳದಲ್ಲಿ ಮೂತಿ ಹುಳಕ್ಕೂ ಸುಖವಿಲ್ಲ. ಶೇ 9ರ ತೇವದ ಕೆಳಗೆ ಅದರ ಸಂತತಿ ಬೆಳೆಯುವುದಿಲ್ಲ, ಹತ್ತರಲ್ಲೂ ನಿಧಾನ.

ಗಿಡ್ಡ ಕೋಲಿನ ಕಥೆ ಬೇರೆ. ಜೂನ್ ಆರಂಭದಲ್ಲಿ ಅದೂ 48 ಅನ್ನುತ್ತಿತ್ತು. ಕಾರ ಹುಣ್ಣಿಮೆ ಕಳೆದು ಕೆಲವು ವಾರಕ್ಕೆ 55, ನಾಗರ ಪಂಚಮಿಯ ಹೊತ್ತಿಗೆ 63, ಶ್ರಾವಣದ ನಡುವೆ ಹಳದಿ ದೀಪ. ಇದೇ ಅವಧಿಯಲ್ಲಿ ಉಷ್ಣಾಂಶ 36ರಿಂದ 29ಕ್ಕೆ ಇಳಿದಿತ್ತು. ಇಲ್ಲೊಂದು ಸೂಕ್ಷ್ಮವಿದೆ. ತೇವ ಬದಲಾಗದ ಜೋಳ ತಣ್ಣಗಾದರೆ ಅದರ ಸಂದಿಯ ಗಾಳಿಯ ಆರ್ದ್ರತೆ ಸ್ವಲ್ಪ ಇಳಿಯಬೇಕು. ಬಯಲಿನ ಗಾಳಿಯಲ್ಲಿ ನಡೆಯುವುದಕ್ಕೆ ಇದು ತದ್ವಿರುದ್ಧ, ಏಕೆಂದರೆ ತಣ್ಣಗಾದ ಕಾಳು ತೇವವನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತದೆ. ಉಷ್ಣಾಂಶ ಇಳಿಯುತ್ತಿರುವಾಗ ಆರ್ದ್ರತೆ ಏರುತ್ತಿದೆ ಎಂದರೆ ಹೊರಗಿನಿಂದ ನೀರು ಬರುತ್ತಿದೆ, ಅನುಮಾನವಿಲ್ಲ. ಐದು ಉಷ್ಣಾಂಶದ ಸೆನ್ಸರ್‌ಗಳು ಈ ಬಗ್ಗೆ ಚಕಾರ ಎತ್ತಲಿಲ್ಲ. ಅವುಗಳನ್ನೇ ನಂಬಿದ್ದರೆ ಕಣಜ ದಿನೇ ದಿನೇ ಸುಧಾರಿಸುತ್ತಿದೆ ಎಂದೇ ತೋರುತ್ತಿತ್ತು.

ನೀರು ಎಲ್ಲಿಂದ ಎಂದು ನೋಡಲು ನಸುಕಿನಲ್ಲಿ ಹೋಗಿ ಮುಚ್ಚಳ ಎತ್ತಿದೆ. ಒಳಮೈ ತುಂಬ ಸಾಸಿವೆ ಗಾತ್ರದ ಹನಿಗಳು. ನಡುವೆ ಹನಿಗಳು ಚಿಕ್ಕವು. ಮುಚ್ಚಳ ಗುಮ್ಮಟದಂತೆ ಬಾಗಿರುವುದರಿಂದ ಅವು ಜಾರಿ ಅಂಚಿಗೆ ಸೇರಿ ಅಲ್ಲಿ ದಪ್ಪಗಾಗಿದ್ದವು. ಬೆರಳು ತಾಗಿಸಿದರೆ ಒಂದರ ಹಿಂದೊಂದು ಕೂಡಿಕೊಂಡು ಜೋಳದ ಮೇಲೆ ಬೀಳುತ್ತಿದ್ದವು. ಬಿದ್ದ ಜಾಗದಲ್ಲಿ ಕಾಳುಗಳು ಲಿಂಬೆಹಣ್ಣಿನಷ್ಟು ದೊಡ್ಡ ಮುದ್ದೆಯಾಗಿ ಅಂಟಿಕೊಂಡಿದ್ದವು. ಒಡೆದರೆ ಒಳಗೆ ಬೂದು ಬಣ್ಣದ ಎಳೆ. ಒಂದು ಗೇಣು ಪಕ್ಕದ ಜೋಳ ಹಲ್ಲಿಗೆ ಕಟ್ಟೆನ್ನುತ್ತಿತ್ತು.

ಲೆಕ್ಕವೂ ಹೊಂದುತ್ತದೆ. ಜೋಳದ ಮೇಲಿನ ಖಾಲಿ ಜಾಗದ ಗಾಳಿ 29 ಡಿಗ್ರಿ, ಆರ್ದ್ರತೆ ಶೇ 70 ಇದ್ದರೆ ಅದು 23 ಡಿಗ್ರಿಗೆ ತಣಿದಾಗ ನೀರಾಗುತ್ತದೆ. ಮಳೆಗಾಲದ ರಾತ್ರಿ ಪತ್ರಾಸಿನ ಕೆಳಗಿನ ತಗಡಿನ ಮುಚ್ಚಳ ಅದಕ್ಕಿಂತ ತಣ್ಣಗಾಗುತ್ತದೆ. ಕಣಜ ತುಂಬಿ ತುಳುಕುತ್ತಿದ್ದಾಗ ಮೇಲೆ ಗಾಳಿಯೇ ಕಡಿಮೆ. ಜೋಳ ತೆಗೆದಂತೆಲ್ಲ ಖಾಲಿ ಜಾಗ ಬೆಳೆಯುತ್ತದೆ. ಮತ್ತೆ, ಜೋಳವನ್ನು ಮೇಲಿನಿಂದ ಏಕೆ ತೆಗೆಯುತ್ತಿದ್ದರು? ಬುಡದ ಬಾಯಿಯ ಜಾರುವ ತಗಡು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಬೀಸಲು ಜೋಳ ಬೇಕಾದಾಗಲೆಲ್ಲ ಚಿಗವ್ವ ಮುಚ್ಚಳ ತೆಗೆದು ಪುಟ್ಟಿಯಲ್ಲಿ ತೋಡಿಕೊಳ್ಳುತ್ತಿದ್ದರು. ಪ್ರತಿ ಸಲವೂ ಒಂದಷ್ಟು ಮಳೆಗಾಲದ ಹಸಿ ಗಾಳಿ ಒಳಗೆ. ಕಾರ್ಡಿನ ದಾಖಲೆಯಲ್ಲಿ ಅವರು ಮುಚ್ಚಳ ತೆಗೆದ ದಿನಗಳು ಒಂದೊಂದು ಮೆಟ್ಟಿಲಾಗಿ ಕಾಣುತ್ತಿದ್ದವು. “ನಾನು ಯಾವಾಗ ಬೀಸಿದೆ ಎಂಬುದನ್ನೂ ಬರೆದಿಡುತ್ತದೆಯೇ ಇದು?” ಎಂದು ಚಿಗವ್ವ ಕೋಲಿನ ಕಡೆ ಒಂದು ನೋಟ ಎಸೆದರು.

ಹಾಗಾಗಿ ದುರಸ್ತಿ ಶುರುವಾದದ್ದು ಬುಡದ ಬಾಯಿಂದ. ತುಕ್ಕಿಗೆ ಡೀಸೆಲ್ ಬಿಟ್ಟು ರಾತ್ರಿಯಿಡೀ ನೆನೆಸಿ, ಮರದ ತುಂಡು ಅಡ್ಡವಿಟ್ಟು ಮೆಲ್ಲಗೆ ಬಡಿದು ತಗಡನ್ನು ಬಿಡಿಸಿದೆ. ಡೀಸೆಲ್ ಕಾಳಿಗೆ ತಾಗದಂತೆ ಹೊರಗಿನ ಕಡೆಯಿಂದ ಮಾತ್ರ, ಹತ್ತಿಯಲ್ಲಿ ಅದ್ದಿ. ಆಮೇಲೆ ಮೊದಲು ಹೊರಬಂದ ಜೋಳವನ್ನು ಚೆಲ್ಲಿ, ಬಾಯಿಯನ್ನು ಒಣ ಬಟ್ಟೆಯಿಂದ ಒರೆಸಿದೆ. ಮುಚ್ಚಳದ ಅಂಚಿಗೆ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ ತೊಡಿಸಿದೆ, ಮೇಲೆ ಭಾರಕ್ಕೆ ಒಂದು ಕಲ್ಲು. ಮುಚ್ಚಳದ ಹೊರಮೈಗೆ ಎರಡು ಇಂಚಿನ ಥರ್ಮಾಕೋಲ್. ಒಳಗೆ ಖಾಲಿ ಜಾಗಕ್ಕೆ ಒಣ ಹೊಟ್ಟು ತುಂಬಿ ಬಾಯಿ ಹೊಲಿದ ಗೋಣಿಚೀಲಗಳು. ಜೋಳ ಇಳಿದಂತೆ ಅವೂ ಇಳಿಯುತ್ತವೆ, ಬೇಕಾದರೆ ಇನ್ನೊಂದು ಚೀಲ ಸೇರಿಸಬಹುದು. ಹನಿ ಬಿದ್ದರೂ ಗೋಣಿ ಹೀರುತ್ತದೆ, ಬಿಸಿಲು ಬಂದ ದಿನ ತೆಗೆದು ಒಣಗಿಸಿ ಮತ್ತೆ ಹಾಕುವುದು. ಮುದ್ದೆಗಟ್ಟಿದ ಕಾಳನ್ನು ಎತ್ತಿ ಚೆಲ್ಲಿದೆವು. ಬೂಸು ಹಿಡಿದದ್ದನ್ನು ದನಕ್ಕೂ ಹಾಕಲಿಲ್ಲ. ಅಂಚಿನ ಮೇಲ್ಭಾಗದ ಎರಡು ಪುಟ್ಟಿ ಜೋಳವನ್ನು ಮಳೆ ಬಿಡುವು ಕೊಟ್ಟ ದಿನ ಹರವಿ, ಸಂಜೆ ತಣಿಸಿ ಮರಳಿ ಹಾಕಿದೆವು.

ಹಳದಿ ದೀಪ ತಕ್ಷಣ ಆರಲಿಲ್ಲ. ತೇವ ಜೋಳದಲ್ಲಿ ಕಾವಿಗಿಂತಲೂ ನಿಧಾನ ಸರಿಯುತ್ತದೆ. ಈ ಜಿಲ್ಲೆಯಲ್ಲಿ ಸೆಪ್ಟೆಂಬರ್ ಮಳೆಯೇ ಜೋರು. ಆ ಮಳೆಯಲ್ಲೂ ಗಿಡ್ಡ ಕೋಲು 66ರಿಂದ ಮೇಲೇರದೆ, ಮಹಾನವಮಿಯ ಹೊತ್ತಿಗೆ 60ಕ್ಕೆ ಇಳಿಯಿತು. ಕೆಂಪು ದೀಪ ಹತ್ತಲೇ ಇಲ್ಲ. ಕಾಕಾನ ಪ್ರಶ್ನೆಗೆ ಉತ್ತರ ಸಿಕ್ಕಿತು: ಅಂಚಿನ ಒಂದಷ್ಟು ಕಾಳು ಮುದ್ದೆಯಾಗಿದ್ದರೂ, ಉಳಿದ ಜೋಳ ಕೆಡುವ ಮೊದಲೇ ಗಿಡ್ಡ ಕೋಲು ಹೇಳಿತು. ಉದ್ದ ಕೋಲು ಜೋಳ ಕೆಟ್ಟ ಮೇಲೂ ಹೇಳುತ್ತಿತ್ತೋ ಇಲ್ಲವೋ. ಮುದ್ದೆಯಾದ ಜಾಗದಿಂದ ಅದು ಮೊಳದಷ್ಟು ದೂರ, ಅಷ್ಟು ಕಡಿಮೆ ಜೋಳದ ಕಾವು ಅಲ್ಲಿಯವರೆಗೆ ಮುಟ್ಟುವುದಿಲ್ಲ. ಹಣ ಕಡಿಮೆಯಿದ್ದವರು ಐದು ಉಷ್ಣಾಂಶದ ಸೆನ್ಸರ್ ಬಿಟ್ಟು, ಮೇಲ್ಭಾಗದ ಅಂಚಿನಲ್ಲಿ ಒಂದು ಆರ್ದ್ರತೆಯ ಸೆನ್ಸರ್ ಇಟ್ಟರೂ ನಮ್ಮಂಥ ಒಣ ಸೀಮೆಯ ಕಣಜಕ್ಕೆ ಮುಕ್ಕಾಲು ಕೆಲಸ ಮುಗಿಯುತ್ತದೆ. ಇದೇ ಮಾತನ್ನು ಮಲೆನಾಡಿನ ಭತ್ತಕ್ಕೆ ಹೇಳಲಾರೆ.

ಬೋರ್ಡನ್ನು ಕಣಜದ ಹೊರಗಿಟ್ಟ ಇನ್ನೊಂದು ಕಾರಣ ಹುಳಕ್ಕೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ. ಗಾಳಿಯ ತೇವ ತಾಗಿದರೆ ಅದು ಫಾಸ್ಫೀನ್ ಅನಿಲ ಬಿಡುತ್ತದೆ. ಆ ಅನಿಲ ತಾಮ್ರವನ್ನು ತಿನ್ನುತ್ತದೆ. ತೇವವೂ ಸೇರಿದರೆ ಬೆಸುಗೆಯ ಕಾಲುಗಳು, ಬೋರ್ಡಿನ ತಾಮ್ರದ ಗೆರೆಗಳು ಕಪ್ಪಾಗಿ ಕೊರೆದುಹೋಗುತ್ತವೆ. ಧೂಪನ ಮಾಡಿಸುವುದಾದರೆ ಕೋಲುಗಳನ್ನು ಮೊದಲು ಹೊರಗೆಳೆಯಬೇಕು. ತಾಮ್ರ ಹೋದರೆ ಹೊಸದು ತರಬಹುದು. ಅದೇ ಅನಿಲ ಮನೆಮಂದಿಯನ್ನೂ ಕೊಲ್ಲುತ್ತದೆ. ಮಲಗುವ, ಅಡುಗೆ ಮಾಡುವ ಮನೆಯೊಳಗಿನ ಕಣಜಕ್ಕೆ ಗುಳಿಗೆ ಹಾಕಲೇಬಾರದು, ತರಬೇತಿ ಪಡೆದವರ ಕೈಯಲ್ಲದೆ ಬೇರೆಯವರ ಕೈಗೂ ಅದು ಬರಬಾರದು. ಈ ವರ್ಷ ಕಾಕಾ ಗುಳಿಗೆಯ ಮಾತೆತ್ತಲಿಲ್ಲ. ಬೇವಿನ ಎಲೆ ಹಾಕುವ ರೂಢಿ ಮುಂದುವರಿದಿದೆ, ನೆರಳಲ್ಲಿ ಗರಿಗರಿಯಾಗಿ ಒಣಗಿಸಿದ ಎಲೆ ಮಾತ್ರ. ಹಸಿ ಎಲೆ ಹಾಕಿದರೆ ನಾವೇ ನೀರು ಸುರಿದಂತೆ.

ಕಾಕಾನ ಬಾಲ್ಯದಲ್ಲಿ ಈ ಮನೆಯ ಜೋಳ ಅಂಗಳದ ಹಗೇವಿನಲ್ಲಿ ಇರುತ್ತಿತ್ತು. ನೆಲ ತೋಡಿ, ಒಳಗೆ ಕಣಿಕೆ ಹೊದಿಸಿ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಒಳಗಿನ ಕಾಳೇ ಉಸಿರಾಡಿ ಆಮ್ಲಜನಕ ಮುಗಿಸಿ ಹುಳ ಸಾಯುತ್ತಿತ್ತು. ತೆಗೆಯುವ ದಿನ ಬಾಯಿ ತೆರೆದು ಸಾಕಷ್ಟು ಹೊತ್ತು ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ಕಟ್ಟಿ ಕಂದೀಲು ಇಳಿಸುತ್ತಿದ್ದರು. ಕಂದೀಲು ಆರಿದರೆ ಯಾರೂ ಇಳಿಯುವಂತಿಲ್ಲ. ಆರಿದ್ದನ್ನು ಲೆಕ್ಕಿಸದೆ ಇಳಿದು ಸತ್ತವರ ಸುದ್ದಿ ಉತ್ತರ ಕರ್ನಾಟಕದ ಊರೂರಲ್ಲಿ ಕೇಳಿಬರುತ್ತದೆ. “ನಮ್ಮ ಸೆನ್ಸರ್‌ಗೆ ಬ್ಯಾಟರಿ ಬೇಕಿರಲಿಲ್ಲ, ಸೀಮೆಎಣ್ಣೆ ಸಾಕಿತ್ತು” ಎನ್ನುತ್ತಾರೆ ಕಾಕಾ. ತಗಡಿನ ಕಣಜ ಹಗೇವಿನಷ್ಟು ಬಿಗಿಯಲ್ಲ, ನೆಲದ ತಂಪೂ ಅದಕ್ಕಿಲ್ಲ. ಬಿಸಿಲು, ಚಳಿ, ಹಸಿ ಗಾಳಿ ಮೂರಕ್ಕೂ ಅದು ಮೈಯೊಡ್ಡಿ ನಿಂತಿದೆ.

ಈಗ ಉಳಿದಿರುವ ಕೆಲಸ ಕಡಲೆಯದು. ಅದು ಚೀಲದಲ್ಲಿದೆ, ಮತ್ತು ಕಡಲೆಯ ದುಂಬಿ ಈ ಕೋಲುಗಳಿಗೆ ಸಿಕ್ಕಿಬೀಳುವ ಪ್ರಾಣಿಯಲ್ಲ: ಒಣ ಕಾಳಿನಲ್ಲೂ ಕೊರೆಯುತ್ತದೆ, ಒಂದು ಚೀಲದಲ್ಲಿ ಕಾವು ಏರುವ ಹೊತ್ತಿಗೆ ಅರ್ಧ ಕಡಲೆ ತೂತಾಗಿರುತ್ತದೆ. ಗಾಳಿಯಾಡದ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಒಂದಿಷ್ಟು ಕಟ್ಟಿ, ಒಳಗೆ ಇಂಗಾಲದ ಡೈಆಕ್ಸೈಡ್ ಅಳೆಯುವ ಸೆನ್ಸರ್ ಇಟ್ಟು ನೋಡುವ ಯೋಚನೆಯಿದೆ. ಆ ಸೆನ್ಸರ್ ಬೆಲೆ ಈ ಎರಡು ಕೋಲುಗಳ ಖರ್ಚನ್ನೂ ಮೀರಿಸುತ್ತದೆ, ಅದಕ್ಕೆ ಮೊದಲು ತೊಗರಿ ಮಾರಾಟವಾಗಬೇಕು.